ನಾನು ಖಾಲಿ ಮಾಡಿದ ಕುರ್ಚಿ

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಫುಟ್ಬಾಲ್ ಕ್ಲಬ್ಬಿನ ನಿರ್ದೇಶಕರ ಫೋನ್ ಬಂತು. ಮುಖ್ಯ ಕೋಚನ್ನು ಹಿಂದಿನ ರಾತ್ರಿಯೇ ಕಳಿಸಿಕೊಟ್ಟಿದ್ದೇವೆ, ಇವತ್ತಿನ ತರಬೇತಿ ನೀವೇ ನಡೆಸಿ, ಶನಿವಾರದ ಪಂದ್ಯವೂ ನಿಮ್ಮದೇ ಎಂದರು. ಎರಡು ನಿಮಿಷದ ಮಾತು. ಆ ಕ್ಲಬ್ಬಿನಲ್ಲಿ ನಾನು ಆರು ವರ್ಷದಿಂದ ಸಹಾಯಕ ಕೋಚ್ ಆಗಿದ್ದೆ. ಲೀಗಿನಲ್ಲಿ 14 ಪಂದ್ಯ ಉಳಿದಿದ್ದವು. ಪಟ್ಟಿಯಲ್ಲಿ ನಾವು ಕೆಳಗಿನಿಂದ ಮೂರನೆಯವರು. ಲೀಗ್ ಅಲ್ಲಿಗೇ ನಿಂತಿದ್ದರೆ ಕೆಳಗಿನ ದರ್ಜೆಗೆ ಬೀಳುತ್ತಿದ್ದವರು.

ನಾನು ಮೊದಲು ಫೋನ್ ಮಾಡಿದ್ದು ಆ ಹಳೆಯ ಕೋಚ್‌ಗೆ. ಅವರ ಕೆಲಸ ಹೋದ ದಿನವೇ ಅದು ನನ್ನ ಕೈಗೆ ಬಂದಿತ್ತು. ಹೂಂ ಅನ್ನುವ ಮೊದಲು ಅವರ ದನಿ ಕೇಳಬೇಕು ಅನ್ನಿಸಿತು. ಅವರ ಮಾತಿನಲ್ಲಿ ಕಹಿ ಇರಲಿಲ್ಲ. ಒಪ್ಪಿಕೋ ಎಂದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ನಿನ್ನ ಜಾಗಕ್ಕೆ ಯಾರು ಬರ್ತಾರೆ?" ಇರುವುದು ಹದಿನಾಲ್ಕೇ ಪಂದ್ಯ, ಎರಡನ್ನೂ ನಾನೇ ನೋಡಿಕೊಳ್ಳುತ್ತೇನೆ ಎಂದೆ. ಅವರು ಅದಕ್ಕೆ ಏನೂ ಹೇಳಲಿಲ್ಲ.

ಸಹಾಯಕ ಕೋಚ್ ಮುಖ್ಯ ಕೋಚ್ ಆಗಿ ಗೆಲ್ಲಬಲ್ಲನೇ ಎಂಬ ಚರ್ಚೆ ಫುಟ್ಬಾಲ್ ಇರುವಲ್ಲೆಲ್ಲ ಇದೆ. 'ಎರಡನೆಯವನಾಗಿ ಚಿನ್ನದಂಥವನು, ಮೊದಲನೆಯವನಾಗುವ ಗಟ್ಟಿತನ ಇಲ್ಲ' ಎಂದು ಒಬ್ಬೊಬ್ಬರ ಬಗ್ಗೆ ತೀರ್ಪು ಕೊಟ್ಟುಬಿಡುತ್ತಾರೆ. ನನ್ನ ಬಗ್ಗೆಯೂ ಹಾಗೇ ಹೇಳಿದರು. ನನಗೆ ತಿಳಿದ ಉತ್ತರ ಬೇರೆ. ಅದು ಆ ಫೋನಿನ ಪ್ರಶ್ನೆಯಲ್ಲೇ ಇತ್ತು. ತಿಳಿಯಲು ನನಗೆ ಎರಡು ಕ್ಲಬ್ಬು ಬೇಕಾದವು.

ಸಹಾಯಕನ ದಿನ ಹೇಗಿರುತ್ತದೆ ಎಂದು ಮೊದಲು ಹೇಳಬೇಕು. ಹೊರಗಿನಿಂದ ನೋಡುವವರಿಗೆ ಕಾಣುವುದು ಪಂದ್ಯದ ದಿನ ಮುಖ್ಯ ಕೋಚ್‌ನ ಪಕ್ಕ ಕೂತು ಕಿವಿಯಲ್ಲಿ ಏನೋ ಹೇಳುವವನು. ನಿಜವಾದ ಕೆಲಸ ಪಂದ್ಯದ ಮರುದಿನದ್ದು. ಹಿಂದಿನ ದಿನ ತೊಂಬತ್ತು ನಿಮಿಷ ಆಡಿದವರು ಸೈಕಲ್ ತುಳಿದು, ಮಸಾಜ್ ಮಾಡಿಸಿಕೊಂಡು ಮನೆಗೆ ಹೋಗುತ್ತಾರೆ. ಆಡದವರನ್ನು, ಹತ್ತೇ ನಿಮಿಷ ಆಡಿದವರನ್ನು ಮೈದಾನಕ್ಕೆ ಕರೆದೊಯ್ದು ಬೆವರಿಳಿಸುವುದು ಸಹಾಯಕನ ಪಾಲು. ಮುನಿಸಿಕೊಂಡವರ ಜೊತೆ ಕಳೆಯುವ ಬೆಳಗು ಅದು. ಅಭ್ಯಾಸ ಮುಗಿದ ಮೇಲೆ ಯಾರೋ ಒಬ್ಬ ಚೆಂಡು ಹೆಕ್ಕುವ ನೆಪದಲ್ಲಿ ಹಿಂದೆ ಉಳಿಯುತ್ತಾನೆ. ಮಂಡಿ ನೋಯುತ್ತಿದೆ, ಕೋಚ್‌ಗೆ ಹೇಳಬೇಡಿ ಅನ್ನುತ್ತಾನೆ. ಕರಾರು ಮುಗಿಯುತ್ತ ಬಂತು, ಮುಂದೇನೋ ಗೊತ್ತಿಲ್ಲ ಅನ್ನುತ್ತಾನೆ. ಮಗು ರಾತ್ರಿಯಿಡೀ ಅಳುತ್ತದೆ, ನಿದ್ದೆಯಿಲ್ಲ ಅನ್ನುತ್ತಾನೆ. ಇವೆಲ್ಲ ನನ್ನ ಕಿವಿಗೆ ಬೀಳುತ್ತಿದ್ದವು. ಕಾರ್ನರ್, ಫ್ರೀಕಿಕ್‌ಗಳ ಯೋಜನೆ, ಎದುರಾಳಿಯ ವಿಡಿಯೋ ಕತ್ತರಿಸುವುದು, ವಾರ್ಮ್ಅಪ್, ಇವು ಕರಾರಿನಲ್ಲಿ ಬರೆದ ಕೆಲಸ. ಹಿಂದೆ ಉಳಿದವನ ಮಾತು ಕೇಳುವುದು ಎಲ್ಲಿಯೂ ಬರೆದಿರಲಿಲ್ಲ.

ಮೊದಲ ನಾಲ್ಕು ಪಂದ್ಯಗಳಲ್ಲಿ ಮೂರು ಗೆದ್ದೆವು. ಹೊಸ ಕೋಚ್ ಬಂದಾಗ ಬರುವ ಹುರುಪು ಎಂದು ಎಲ್ಲರೂ ಅಂದರು. ಆ ಹುರುಪಿಗೆ ಕಾರಣವಿತ್ತು, ಅದು ನನಗೆ ಗೊತ್ತಿತ್ತು. ಬೆಂಚಿನಲ್ಲಿ ಕೂರುತ್ತಿದ್ದವರನ್ನು ನನ್ನಷ್ಟು ಹತ್ತಿರದಿಂದ ಬಲ್ಲವರು ಕ್ಲಬ್ಬಿನಲ್ಲಿ ಇರಲಿಲ್ಲ. ಯಾರ ಕಾಲಿನಲ್ಲಿ ಓಟ ಉಳಿದಿದೆ, ಯಾರ ಹಸಿವು ನಿಜವಾದದ್ದು ಎಂದು ಆರು ವರ್ಷದ ಬೆಳಗುಗಳಲ್ಲಿ ನೋಡಿದ್ದೆ. ಅವರಲ್ಲಿ ನಾಲ್ವರನ್ನು ಒಳಗೆ ತಂದೆ. ಅವರು ನನಗಾಗಿ ಓಡಿದರು. ಸಹಾಯಕ ಮೇಲೇರಿದಾಗ ಮೊದಲ ತಿಂಗಳು ಅವನಿಗೆ ಸಿಗುವ ಲಾಭ ಇದು. ಹೊರಗಿನಿಂದ ಬಂದವನಿಗೆ ಇದು ಸಿಗುವುದಿಲ್ಲ.

2012ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಚೆಲ್ಸೀ ಕ್ಲಬ್ ಆಂಡ್ರೆ ವಿಲ್ಲಾಸ್ ಬೋವಾಸ್ ಅವರನ್ನು ತೆಗೆದು ಸಹಾಯಕ ರೋಬರ್ಟೊ ಡಿ ಮಟೆಯೊ ಕೈಗೆ ತಂಡ ಕೊಟ್ಟಾಗ ಇಂಥದ್ದೇ ಆಯಿತು. ಮೇ ತಿಂಗಳು ಮುಗಿಯುವ ಮೊದಲು ಎಫ್‌ಎ ಕಪ್ ಬಂತು, ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಪ್ರಶಸ್ತಿಯಾದ ಚಾಂಪಿಯನ್ಸ್ ಲೀಗ್ ಕೂಡ ಕ್ಲಬ್ಬಿಗೆ ಮೊದಲ ಬಾರಿ ಬಂತು. ನವೆಂಬರ್‌ನಲ್ಲಿ ಅವರನ್ನೂ ತೆಗೆದರು. ಮೊದಲ ಭಾಗ ಓದಿದಾಗ ನನ್ನ ಎದೆ ಉಬ್ಬಿತ್ತು. ಎರಡನೆಯ ಭಾಗ ನನಗೂ ಬರುತ್ತದೆಂದು ಆಗ ಹೊಳೆದಿರಲಿಲ್ಲ.

ಐದನೆಯ ಪಂದ್ಯದಲ್ಲಿ ಒಂದು ಸಂಗತಿ ನಡೆಯಿತು. ನಮ್ಮ ಮಿಡ್‌ಫೀಲ್ಡಿನ ಹುಡುಗನೊಬ್ಬ ಇಪ್ಪತ್ತನೆಯ ನಿಮಿಷಕ್ಕೆ ಕುಂಟುತ್ತ ಹೊರಬಂದ. ಹಿಮ್ಮಡಿಯ ಹತ್ತಿರದ ನೋವು, ಮೂರು ವಾರದಿಂದ ಇತ್ತಂತೆ. ಫಿಸಿಯೋಗೂ ಅವನು ಅರ್ಧವಷ್ಟೇ ಹೇಳಿದ್ದ. ಅವನು ನನ್ನ ಬಳಿ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದ ಹುಡುಗ. ತಂದೆಯ ಕಾಯಿಲೆಯ ವಿಷಯ ಡ್ರೆಸಿಂಗ್ ರೂಮಿನಲ್ಲಿ ಯಾರಿಗೂ ತಿಳಿಯುವ ಮೊದಲು ನನಗೆ ಹೇಳಿದ್ದ. ಪಂದ್ಯ ಮುಗಿದ ಮೇಲೆ ಕೇಳಿದೆ, ಯಾಕೆ ಹೇಳಲಿಲ್ಲ? "ಹೇಳಿದ್ರೆ ನೀವು ನನ್ನ ಆಡಿಸ್ತಿರಲಿಲ್ಲ" ಎಂದ. ಸುಳ್ಳಲ್ಲ. ನಾನು ಆಡಿಸುತ್ತಿರಲಿಲ್ಲ.

ಅಂದು ರಾತ್ರಿ ನನಗೆ ಅರ್ಥವಾಗತೊಡಗಿತು. ನನ್ನ ಸ್ವಭಾವ ಬದಲಾಗಿರಲಿಲ್ಲ, ನನ್ನ ಬಾಗಿಲು ಮುಚ್ಚಿರಲಿಲ್ಲ. ಆದರೆ ಹನ್ನೊಂದು ಜನರ ಹೆಸರು ಬರೆಯುವ ಕೈ ನನ್ನದಾದ ಮೇಲೆ, ಆ ಕೈಗೆ ತಮ್ಮ ನೋವನ್ನು ಕೊಡಲು ಆಟಗಾರರಿಗೆ ಆಗುವುದಿಲ್ಲ. ಇದು ಅವರ ತಪ್ಪಲ್ಲ. ನನ್ನ ಹಳೆಯ ಕುರ್ಚಿಯಲ್ಲಿ ಇನ್ನೊಬ್ಬ ಕೂತಿದ್ದರೆ ಅವನಿಗೆ ಗುರುವಾರವೇ ತಿಳಿದಿರುತ್ತಿತ್ತು. ಕುರ್ಚಿ ಖಾಲಿಯಿತ್ತು. ಹೆಸರಿಗೆ ರಿಸರ್ವ್ ತಂಡದ ಕೋಚ್ ಒಬ್ಬರನ್ನು ಪಕ್ಕಕ್ಕೆ ಕರೆದುಕೊಂಡಿದ್ದೆ. ಒಳ್ಳೆಯ ಮನುಷ್ಯ; ನಾನು ಹೇಳಿದ್ದಕ್ಕೆಲ್ಲ ಸರಿ ಅನ್ನುತ್ತಿದ್ದರು. ಕೋನ್ ಜೋಡಿಸುವುದಕ್ಕೆ ಒಂದು ಜೊತೆ ಕೈ ನನಗೆ ಸಿಕ್ಕಿದ್ದವು, ಅಷ್ಟೇ.

ಆಟಗಾರನನ್ನು ಕೈಬಿಡುವುದರ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ನನಗೆ ಅತಿ ಕಷ್ಟವಾದದ್ದು ಅದೇ. ಸಹಾಯಕನಾಗಿದ್ದಾಗ ತಂಡದಿಂದ ಹೊರಬಿದ್ದವನ ಹೆಗಲ ಮೇಲೆ ಕೈ ಹಾಕುವವನು ನಾನು. ಈಗ ಹೊರಗೆ ಹಾಕುವವನೂ ನಾನೇ. ಹನ್ನೊಂದನೆಯ ಪಂದ್ಯಕ್ಕೆ ನಾಯಕನನ್ನೇ ಬಿಡಬೇಕಾಯಿತು. ಮೂವತ್ತನಾಲ್ಕು ವರ್ಷದ ಸೆಂಟರ್‌ಬ್ಯಾಕ್, ತಿರುಗಿ ಓಡುವ ವೇಗ ಕಡಿಮೆಯಾಗಿತ್ತು, ಎದುರಾಳಿ ತಂಡದ ಬಲವೆಲ್ಲ ಹಿಂದಿನ ಖಾಲಿ ಜಾಗಕ್ಕೆ ಓಡುವುದರಲ್ಲಿತ್ತು. ಶುಕ್ರವಾರ ಮಧ್ಯಾಹ್ನ ಅವನನ್ನು ಕರೆದು ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಹಳೆಯ ಅಭ್ಯಾಸ ಮೇಲೆ ಬಂತು: ಅವನನ್ನು ಸಮಾಧಾನ ಮಾಡಲು ಹೊರಟೆ. ಮುಂದಿನ ವಾರ ನೋಡೋಣ, ನೀನಿಲ್ಲದೆ ಈ ತಂಡವಿಲ್ಲ ಎಂದೆಲ್ಲ ಅಂದೆ. ಅವನು ತಲೆಯೆತ್ತಿ, "ಒಂದು ಹೇಳಿ. ಬಿಟ್ಟಿದ್ದೀರೋ, ಇಲ್ಲವೋ?" ಎಂದ. ಇಪ್ಪತ್ತು ನಿಮಿಷ ಮಾತಾಡಿದ ಮೇಲೂ ಅವನಿಗೆ ಅದು ಗೊತ್ತಾಗಿರಲಿಲ್ಲ. ನನ್ನ ದಯೆ ಅವನಿಗೆ ಹಿಂಸೆಯಾಗಿತ್ತು.

ಬಾಬ್ ಪೈಸ್ಲಿ ಅವರ ಬಗ್ಗೆ ಓದಿದ್ದು ಆಗ ನೆನಪಾಯಿತು. 1950ರ ಎಫ್‌ಎ ಕಪ್ ಸೆಮಿಫೈನಲ್ಲಿನಲ್ಲಿ ಎವರ್ಟನ್ ವಿರುದ್ಧ ಲಿವರ್‌ಪೂಲ್ ಪರ ಗೋಲು ಹೊಡೆದವರು ಅವರು. ಆದರೂ ಆರ್ಸೆನಲ್ ವಿರುದ್ಧದ ಫೈನಲ್ಲಿಗೆ ಅವರನ್ನು ಬಿಡಲಾಯಿತು. ಮುಂದೆ ಅವರು ಫಿಸಿಯೋ ಆದರು, ಕೋಚ್ ಆದರು, ಅದೇ ಕ್ಲಬ್ಬಿನ ಮ್ಯಾನೇಜರ್, ಅಂದರೆ ಮುಖ್ಯ ಕೋಚ್, ಬಿಲ್ ಶಾಂಕ್ಲಿಯ ಬಲಗೈ ಆದರು. 1974ರಲ್ಲಿ ಶಾಂಕ್ಲಿ ಇದ್ದಕ್ಕಿದ್ದಂತೆ ಕೆಲಸ ಬಿಟ್ಟಾಗ ಮ್ಯಾನೇಜರ್ ಪಟ್ಟ ಇವರಿಗೆ ಬಂತು. ಇವರಿಗೆ ಅದು ಬೇಕೆಂದೇ ಇರಲಿಲ್ಲ. ಮೊದಲ ವರ್ಷ ಲೀಗಿನಲ್ಲಿ ಎರಡನೆಯ ಸ್ಥಾನ. ಆಮೇಲಿನ ಎಂಟು ವರ್ಷಗಳಲ್ಲಿ ಆರು ಲೀಗ್ ಪ್ರಶಸ್ತಿ, 1977, 1978, 1981ರಲ್ಲಿ ಮೂರು ಯುರೋಪಿಯನ್ ಕಪ್ (ಚಾಂಪಿಯನ್ಸ್ ಲೀಗಿನ ಹಳೆಯ ಹೆಸರು). ಸಹಾಯಕರು ಗೆಲ್ಲುವುದಿಲ್ಲ ಅನ್ನುವವರ ಮುಂದೆ ಈ ಒಂದು ಹೆಸರು ಇಟ್ಟರೆ ಸಾಕು. ಹೊರಗೆ ಬಿದ್ದವನ ನೋವು ಸ್ವತಃ ಉಂಡಿದ್ದರೂ ಯಾರನ್ನಾದರೂ ಬಿಡಬೇಕಾದಾಗ ಅವರು ಹಿಂಜರಿಯುತ್ತಿರಲಿಲ್ಲ. ನನಗೆ ಅದು ಬರಲು ತುಂಬ ತಡವಾಯಿತು.

ಪೈಸ್ಲಿಯ ಕಥೆಯಲ್ಲಿ ನಾನು ಆಗ ಗಮನಿಸದೆ ಬಿಟ್ಟದ್ದು ಇನ್ನೊಂದು ಇದೆ. ಶಾಂಕ್ಲಿ ಹೋದ ಮೇಲೂ ಲಿವರ್‌ಪೂಲ್‌ನ ಮೈದಾನವಾದ ಆನ್‌ಫೀಲ್ಡಿನ 'ಬೂಟ್ ರೂಮ್' ಹಾಗೇ ಇತ್ತು. ಬೂಟುಗಳನ್ನು ಇಡುವ ಆ ಚಿಕ್ಕ ಕೋಣೆಯಲ್ಲಿ ಜೋ ಫೇಗನ್, ರಾನಿ ಮೊರಾನ್ ಮೊದಲಾದವರು ಕೂತು ಆಟಗಾರರ ಬಗ್ಗೆ ಮಾತಾಡುತ್ತಿದ್ದರು. ಪೈಸ್ಲಿ ಒಂದು ಮೆಟ್ಟಿಲು ಮೇಲೇರಿದಾಗ ಅವರ ಹಿಂದಿನ ಮೆಟ್ಟಿಲಲ್ಲಿ ಫೇಗನ್ ನಿಂತಿದ್ದರು. 1983ರಲ್ಲಿ ಪೈಸ್ಲಿ ನಿವೃತ್ತರಾದಾಗ ಫೇಗನ್ ಮೇಲೇರಿ ಮೊದಲ ವರ್ಷವೇ ಲೀಗ್, ಲೀಗ್ ಕಪ್, ಯುರೋಪಿಯನ್ ಕಪ್ ಮೂರನ್ನೂ ಗೆದ್ದರು. ಅಲ್ಲಿ ಕುರ್ಚಿ ಖಾಲಿಯಾಗುತ್ತಿರಲಿಲ್ಲ.

ಆ 14 ಪಂದ್ಯಗಳಲ್ಲಿ ನಾವು ಐದು ಗೆದ್ದು, ನಾಲ್ಕು ಡ್ರಾ ಮಾಡಿ, ಐದು ಸೋತೆವು. ಎರಡು ಅಂಕದಿಂದ ಉಳಿದುಕೊಂಡೆವು. ಕೊನೆಯ ದಿನ ಮೈದಾನದಲ್ಲಿ ಆಟಗಾರರು ನನ್ನನ್ನು ಎತ್ತಿಕೊಂಡರು. ಎರಡು ವರ್ಷದ ಕರಾರು ಕೊಟ್ಟರು. ಮುಂದಿನ ಋತುವಿನ 11ನೆಯ ಪಂದ್ಯದ ನಂತರ ನನ್ನನ್ನು ಕಳಿಸಿದರು. ಗೆದ್ದದ್ದು ಎರಡೇ ಪಂದ್ಯ. ಅದರ ವಿವರ ಇಲ್ಲಿ ಬೇಡ. ಸೋಲುವ ತಂಡದ ವಾರಗಳೆಲ್ಲ ಒಂದೇ ಥರ ಇರುತ್ತವೆ. ಒಂದು ಮಾತ್ರ ಹೇಳಬೇಕು. ನಾನು ಒಳಗೆ ತಂದ ನಾಲ್ವರಿಗೆ ಜಾಗ ಬಿಟ್ಟು ಹೊರಗೆ ಹೋದವರು ನಾಲ್ವರಿದ್ದರಲ್ಲ, ಅವರ ಜೊತೆ ಪಂದ್ಯದ ಮರುದಿನ ಮೈದಾನಕ್ಕೆ ಹೋಗುವವರು ಯಾರೂ ಇರಲಿಲ್ಲ. ನಾನು ಆ ಹೊತ್ತಿಗೆ ಮುಂದಿನ ಎದುರಾಳಿಯ ವಿಡಿಯೋ ಮುಂದೆ ಇರುತ್ತಿದ್ದೆ, ಇಲ್ಲವೇ ನಿರ್ದೇಶಕರ ಜೊತೆ, ಇಲ್ಲವೇ ಪತ್ರಕರ್ತರ ಜೊತೆ. ಅವರ ಮುನಿಸು ಯಾರ ಕಿವಿಗೂ ಬೀಳದೆ ಡ್ರೆಸಿಂಗ್ ರೂಮಿನ ಮೂಲೆಯಲ್ಲಿ ಗಟ್ಟಿಯಾಯಿತು. ಅಕ್ಟೋಬರ್ ಹೊತ್ತಿಗೆ ಅದು ಅರ್ಧ ತಂಡಕ್ಕೆ ಹಬ್ಬಿತ್ತು.

ಕೆಲಸವಿಲ್ಲದ ಚಳಿಗಾಲದಲ್ಲಿ ನನ್ನ ಹಳೆಯ ನೋಟ್‌ಬುಕ್ಕುಗಳನ್ನು ತೆಗೆದೆ. ಸಹಾಯಕನಾಗಿದ್ದ ಆರು ವರ್ಷ ಪ್ರತಿ ಪಂದ್ಯದಲ್ಲಿ ಮುಖ್ಯ ಕೋಚ್‌ಗೆ ನಾನು ಕೊಟ್ಟ ಸಲಹೆಗಳನ್ನು ಬರೆದಿಡುತ್ತಿದ್ದೆ: ನಿಮಿಷ, ಯಾರನ್ನು ತೆಗೆಯಬೇಕು, ಯಾರನ್ನು ಹಾಕಬೇಕು, ಯಾಕೆ. ನನ್ನ ನೆನಪಿನಲ್ಲಿ ನಾನು ಬಹುತೇಕ ಸರಿಯಾಗಿದ್ದೆ. ಅವರು ನನ್ನ ಮಾತು ಕೇಳಿದ್ದರೆ ಎಷ್ಟೋ ಪಂದ್ಯ ಉಳಿಯುತ್ತಿತ್ತು ಎಂಬ ನಂಬಿಕೆಯಿಂದಲೇ ನಾನು ಆ ಕೆಲಸಕ್ಕೆ ಹೂಂ ಅಂದಿದ್ದೆ. ಒಂದೊಂದೇ ಪುಟ ತಿರುವಿ, ಆ ಪಂದ್ಯದಲ್ಲಿ ಮುಂದೆ ಏನಾಯಿತು ಎಂದು ಪಕ್ಕದಲ್ಲಿ ಬರೆಯುತ್ತ ಹೋದೆ. ತೆಗೆಯಿರಿ ಎಂದು ನಾನು ಹೇಳಿದ್ದ ಆಟಗಾರ ಎಂಬತ್ತನೆಯ ನಿಮಿಷಕ್ಕೆ ಗೋಲು ಹೊಡೆದದ್ದು ಒಂದಲ್ಲ, ಹಲವು ಕಡೆ ಸಿಕ್ಕಿತು. ನನ್ನ ತಪ್ಪು ಸಲಹೆಗಳನ್ನು ಅವರು ಕೇಳಿರಲಿಲ್ಲ, ಆದ್ದರಿಂದ ಅವಕ್ಕೆ ಸೋಲಿನ ಗುರುತು ಬಿದ್ದಿರಲಿಲ್ಲ, ಆದ್ದರಿಂದ ನಾನು ಅವನ್ನು ಮರೆತಿದ್ದೆ. ಸರಿಯಾದವು ಮಾತ್ರ ನೆನಪಿನಲ್ಲಿ ಉಳಿದಿದ್ದವು. ಸಹಾಯಕನಿಗೆ ತನ್ನ ತೀರ್ಮಾನದ ಬಗ್ಗೆ ಇರುವ ವಿಶ್ವಾಸ ಹುಟ್ಟುವುದು ಹೀಗೆ. ಇದನ್ನು ಯಾರೂ ನನಗೆ ಮೊದಲು ಹೇಳಿರಲಿಲ್ಲ. ಮೇಲೇರಲು ಹೊರಟ ಪ್ರತಿ ಸಹಾಯಕನೂ ಆ ಲೆಕ್ಕವನ್ನು ಒಮ್ಮೆ ತಾನೇ ಕೂತು ತೆಗೆಯಬೇಕು.

ಆ ಚಳಿಗಾಲದಿಂದ ಬೇರೆಯವರ ಕಥೆಗಳನ್ನೂ ಬೇರೆ ಕಣ್ಣಿನಿಂದ ಓದತೊಡಗಿದೆ. ಯೋಆಕಿಮ್ ಲೋವ್ 2006ರಲ್ಲಿ ಕ್ಲಿನ್ಸ್‌ಮನ್ ಸಹಾಯಕನ ಸ್ಥಾನದಿಂದ ಜರ್ಮನಿಯ ಮುಖ್ಯ ಕೋಚ್ ಆದವರು. ಆದ ವರ್ಷವೇ ತಮ್ಮ ಪಕ್ಕಕ್ಕೆ ಹಾನ್ಸಿ ಫ್ಲಿಕ್ ಅವರನ್ನು ತಂದುಕೊಂಡರು. 2014ರ ವಿಶ್ವಕಪ್ ಗೆದ್ದಾಗಲೂ ಅವರೇ ಪಕ್ಕದಲ್ಲಿದ್ದರು. ಅದೇ ಫ್ಲಿಕ್ 2019ರ ನವೆಂಬರ್‌ನಲ್ಲಿ ಬಯೆರ್ನ್ ಮ್ಯೂನಿಕ್‌ನಲ್ಲಿ ಸಹಾಯಕನಾಗಿದ್ದವರು ತಾತ್ಕಾಲಿಕ ಕೋಚ್ ಆದರು. ಆ ಕ್ಲಬ್ಬನ್ನು ದಶಕಗಳಿಂದ ಬಲ್ಲ ಹರ್ಮನ್ ಗೇರ್‌ಲಾಂಡ್ ಆಗ ಅವರ ಜೊತೆಗೆ ಬಂದರು. ಮುಂದಿನ ಆಗಸ್ಟಿನಲ್ಲಿ ಕ್ವಾರ್ಟರ್‌ಫೈನಲ್ಲಿನಲ್ಲಿ ಬಾರ್ಸಿಲೋನಾವನ್ನು 8-2ರಿಂದ ಸೋಲಿಸಿ ಆ ತಂಡ ಚಾಂಪಿಯನ್ಸ್ ಲೀಗನ್ನೂ ಗೆದ್ದಿತು. 2018ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾದ ಕೋಚ್ ಸಂಪಾವೋಲಿ ಜೊತೆ ಕೆಲಸ ಮಾಡುತ್ತಿದ್ದ ಲಿಯೊನೆಲ್ ಸ್ಕಲೋನಿಗೆ ಆ ತಂಡ ಸಿಕ್ಕಾಗ, ಹಿಂದೆ ಎಲ್ಲಿಯೂ ಹಿರಿಯರ ತಂಡದ ಮುಖ್ಯ ಕೋಚ್ ಆಗಿರದವರು ಎಂದು ಬಹಳ ಜನ ಮೂಗು ಮುರಿದರು. ಅವರು ಪಾಬ್ಲೊ ಐಮಾರ್, ವಾಲ್ಟರ್ ಸಾಮುಯೆಲ್, ರೋಬರ್ಟೊ ಅಯಾಲ ಅವರನ್ನು ಸುತ್ತ ಸೇರಿಸಿಕೊಂಡರು. ಮೂವರೂ ಆಟಗಾರರಾಗಿ ಸ್ಕಲೋನಿಗಿಂತ ದೊಡ್ಡ ಹೆಸರು ಮಾಡಿದವರು. ತನಗಿಂತ ದೊಡ್ಡ ಹೆಸರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದಕ್ಕೆ ಎಂಥ ಮನಸ್ಸು ಬೇಕೆಂದು ನನಗೆ ಈಗ ಗೊತ್ತು. 2021ರಲ್ಲಿ ದಕ್ಷಿಣ ಅಮೆರಿಕದ ದೇಶಗಳ ಕಪ್ ಆದ ಕೋಪಾ ಅಮೆರಿಕಾ, 2022ರ ವಿಶ್ವಕಪ್, 2024ರ ಕೋಪಾ ಎಲ್ಲ ಬಂದವು. ಮ್ಯಾಂಚೆಸ್ಟರ್ ಸಿಟಿಯಲ್ಲಿ ಗ್ವಾರ್ಡಿಯೋಲಾ ಸಹಾಯಕನಾಗಿದ್ದು 2019ರ ಡಿಸೆಂಬರ್‌ನಲ್ಲಿ ಮುಖ್ಯ ಕೋಚ್ ಆಗಿ ಆರ್ಸೆನಲ್‌ಗೆ ಹೋದ ಮಿಕೆಲ್ ಆರ್ಟೆಟಾ ಕೂಡ ಕೂಡಲೇ ಸ್ಟೀವ್ ರೌಂಡ್, ಆಲ್ಬರ್ಟ್ ಸ್ಟೈವೆನ್‌ಬರ್ಗ್ ಎಂಬ ಅನುಭವಿಗಳನ್ನು ಕರೆಸಿಕೊಂಡರು. ಎರಡು ಋತು ಸತತ ಎಂಟನೆಯ ಸ್ಥಾನ ಬಂದರೂ ಆ ಕ್ಲಬ್ ಅವರನ್ನು ಉಳಿಸಿಕೊಂಡಿತು. ಅದೂ ಒಂದು ಭಾಗ್ಯವೇ.

ಸೋತವರೂ ಇದ್ದಾರೆ. ಮ್ಯಾಂಚೆಸ್ಟರ್ ಯುನೈಟೆಡ್ ಮ್ಯಾನೇಜರ್ ಫರ್ಗ್ಯುಸನ್ ಅವರ ಸಹಾಯಕ ಬ್ರಯನ್ ಕಿಡ್ 1998ರ ಡಿಸೆಂಬರ್‌ನಲ್ಲಿ ಮುಖ್ಯ ಕೋಚ್ ಆಗಿ ಬ್ಲ್ಯಾಕ್‌ಬರ್ನ್ ಸೇರಿದರು, ಆ ಋತುವಿನಲ್ಲೇ ತಂಡ ಕೆಳಗಿಳಿಯಿತು. ಕಾರ್ಲೋಸ್ ಕೇರೋಸ್ 2003ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಹೋದರು. ಆ ಬೇಸಿಗೆಯಲ್ಲಿ ಕ್ಲಬ್ ಬೆಕಮ್‌ರನ್ನು ತಂದು ಮಕಲೇಲೆಯನ್ನು ಮಾರಿತ್ತು. ಕೊನೆಯ ಐದು ಲೀಗ್ ಪಂದ್ಯಗಳನ್ನೂ ಸೋತು ತಂಡ ನಾಲ್ಕನೆಯದಾಯಿತು, ಅವರು ಮತ್ತೆ ಫರ್ಗ್ಯುಸನ್ ಪಕ್ಕಕ್ಕೆ ಮರಳಿದರು. ಮಿಡ್‌ಫೀಲ್ಡಿನ ಕಾವಲುಗಾರನನ್ನು ಮಾರಿದ ತಂಡ ಸೋತದ್ದಕ್ಕೆ 'ಸಹಾಯಕನಾಗಿದ್ದವನು' ಎಂಬ ಹಣೆಪಟ್ಟಿ ಹಚ್ಚುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಇನ್ನು ಸ್ಟೀವ್ ಮೆಕ್‌ಲಾರೆನ್, ಅವರೂ ಫರ್ಗ್ಯುಸನ್ ಸಹಾಯಕರಾಗಿದ್ದವರು. ನನ್ನ ಮಾತಿಗೆ ನೇರವಾಗಿ ಎದುರು ನಿಲ್ಲುವ ಉದಾಹರಣೆ ಅವರೇ. ಇಂಗ್ಲೆಂಡ್ ತಂಡದಲ್ಲಿ ಅವರ ಪಕ್ಕದಲ್ಲಿದ್ದವರು ಹಿಂದೆ ಅದೇ ತಂಡವನ್ನು ನಡೆಸಿದ್ದ ಟೆರಿ ವೆನಬಲ್ಸ್. ಕುರ್ಚಿ ತುಂಬಿತ್ತು, ಆದರೂ 2007ರ ನವೆಂಬರ್‌ನಲ್ಲಿ ಕ್ರೊಯೇಷಿಯಾ ವಿರುದ್ಧ 2-3ರಿಂದ ಸೋತು ಯುರೋ 2008 ಕೈತಪ್ಪಿತು. ಹಾಗಾಗಿ ಕುರ್ಚಿ ತುಂಬಿದರೆ ಗೆದ್ದೇ ಗೆಲ್ಲುತ್ತೇವೆ ಎಂದು ನಾನು ಹೇಳುವುದಿಲ್ಲ. ಆದರೆ ಅದೇ ಮೆಕ್‌ಲಾರೆನ್ ಅದಕ್ಕೆ ಮೊದಲು ಮಿಡಲ್ಸ್‌ಬ್ರೋಗೆ 2004ರಲ್ಲಿ ಲೀಗ್ ಕಪ್ ತಂದುಕೊಟ್ಟಿದ್ದರು, ಆಮೇಲೆ 2010ರಲ್ಲಿ ಟ್ವೆಂಟೆ ಕ್ಲಬ್ಬಿಗೆ ಅದರ ಇತಿಹಾಸದ ಮೊದಲ ಡಚ್ ಲೀಗ್ ಪ್ರಶಸ್ತಿ ತಂದರು. ಇದನ್ನು ಜನ ನೆನೆಯುವುದು ಕಡಿಮೆ.

ಮತ್ತೆ ಎರಡು ವರ್ಷ ಬೇರೊಬ್ಬರ ಕೈಕೆಳಗೆ ಸಹಾಯಕನಾಗಿ ಕೆಲಸ ಮಾಡಿದೆ, ಕೋಚ್‌ಗಳ ಅತಿ ಮೇಲಿನ ಅರ್ಹತೆಯಾದ ಪ್ರೊ ಲೈಸೆನ್ಸ್ ಮುಗಿಸಿದೆ. ಆಮೇಲೆ ಒಂದು ಚಿಕ್ಕ ಕ್ಲಬ್ಬಿನಿಂದ ಕರೆ ಬಂತು, ಮುಖ್ಯ ಕೋಚ್ ಆಗಿ. ಸಂಬಳ, ಆಟಗಾರರ ಪಟ್ಟಿ, ಮೈದಾನ ಎಲ್ಲಕ್ಕಿಂತ ಮೊದಲು ನಾನು ಕೇಳಿದ್ದು ಒಬ್ಬ ಸಹಾಯಕನನ್ನು ನಾನೇ ಆರಿಸಿಕೊಳ್ಳಬಹುದೇ ಎಂದು. ಹೂಂ ಅಂದ ಮೇಲೆ ಹೋದೆ.

ನಾನು ಆರಿಸಿದವನು ಕೋಚಿಂಗ್ ತರಬೇತಿಯಲ್ಲಿ ನನ್ನ ಜೊತೆಗಿದ್ದವನು, ಅಲ್ಲಿ ನನ್ನ ಪ್ರತಿ ಮಾತಿಗೂ ಅಡ್ಡ ಪ್ರಶ್ನೆ ಹಾಕುತ್ತಿದ್ದವನು. ಮೊದಲ ವಾರವೇ ಇಬ್ಬರೂ ಕೂತು ಒಂದು ಒಪ್ಪಂದ ಮಾಡಿಕೊಂಡೆವು. ಆಟಗಾರರು ಅವನಿಗೆ ಹೇಳಿದ್ದು ಅವನಲ್ಲೇ ಉಳಿಯಬೇಕು. ಯಾರು ಏನಂದರು ಎಂದು ನಾನು ಕೇಳಕೂಡದು. ಆಯ್ಕೆಗೆ ಸಂಬಂಧಿಸಿದ್ದು ಇದ್ದರೆ, 'ಈ ವಾರ ಅವನನ್ನು ಅರುವತ್ತು ನಿಮಿಷಕ್ಕಿಂತ ಹೆಚ್ಚು ಆಡಿಸಬೇಡ' ಎಂದಷ್ಟೇ ಅವನು ಹೇಳಬೇಕು. ಕಾರಣ ನಾನು ಕೇಳುವಂತಿಲ್ಲ. ಇದು ಸುಲಭವಾಗಿರಲಿಲ್ಲ. ಸಹಾಯಕ ಆಟಗಾರರ ಕಿವಿಯಾಗಿದ್ದವನು ಕೋಚ್‌ನ ಗೂಢಚಾರನಾದ ದಿನ ಆ ಕುರ್ಚಿ ಮತ್ತೆ ಖಾಲಿಯಾಗುತ್ತದೆ, ಮನುಷ್ಯ ಅಲ್ಲೇ ಕೂತಿದ್ದರೂ. ಮೊದಲ ತಿಂಗಳು ಒಂದು ಸಲ, ನಮ್ಮ ಸ್ಟ್ರೈಕರ್ ಅಭ್ಯಾಸದಲ್ಲಿ ಮಂಕಾಗಿದ್ದಾಗ, ತಡೆಯಲಾರದೆ ಏನಂತೆ ಎಂದು ಕೇಳಿಬಿಟ್ಟೆ. "ಕೇಳೋದಿಲ್ಲ ಅಂದಿದ್ದೆಯಲ್ಲ" ಎಂದ. ಬಾಯಿ ಮುಚ್ಚಿಕೊಂಡೆ. ಎರಡು ವಾರದ ಮೇಲೆ ಆ ಸ್ಟ್ರೈಕರ್ ತಾನೇ ಬಂದು ಹೇಳಿದ.

ಪಂದ್ಯದ ಹಿಂದಿನ ಸಂಜೆ ಹನ್ನೊಂದು ಹೆಸರು ಬರೆಯುವಾಗ ಅವನೇ ಮೊದಲು ಮಾತಾಡಬೇಕು, ಇದು ಇನ್ನೊಂದು ನಿಯಮ. ನಾನು ಮೊದಲು ಹೇಳಿದರೆ ಎಂಥ ಧೈರ್ಯವಂತನಾದರೂ ಸ್ವಲ್ಪ ನನ್ನ ಕಡೆ ವಾಲುತ್ತಾನೆ. ಇದು ನನಗೆ ಗೊತ್ತು, ನಾನೂ ಆರು ವರ್ಷ ವಾಲಿದವನು. ಅವನ ಸಲಹೆಗಳನ್ನೂ ಬರೆಸುತ್ತೇನೆ, ನನ್ನ ತೀರ್ಮಾನವನ್ನೂ ಬರೆಸುತ್ತೇನೆ, ತಿಂಗಳಿಗೊಮ್ಮೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಆಡದವರ ಬೆಳಗಿನ ಅಭ್ಯಾಸಕ್ಕೆ ತಿಂಗಳಲ್ಲಿ ಒಂದು ಸಲ ನಾನೂ ಹೋಗುತ್ತೇನೆ. ಅಲ್ಲಿ ಅವನು ಹೇಳಿದಂತೆ ಕೋನ್ ಜೋಡಿಸುತ್ತೇನೆ. ಕೈಬಿಟ್ಟ ಆಟಗಾರನಿಗೆ ನಾನು ಎರಡೇ ವಾಕ್ಯದಲ್ಲಿ ಹೇಳುತ್ತೇನೆ: ನಾಳೆ ನೀನು ಆಡುತ್ತಿಲ್ಲ, ಕಾರಣ ಇದು. ಸಮಾಧಾನ ಹೇಳುವುದು ಈಗ ನನ್ನ ಕೆಲಸವಲ್ಲ. ಅದಕ್ಕೆ ಕಾರಿಡಾರಿನ ಆಚೆ ಒಬ್ಬನಿದ್ದಾನೆ.

ನಾಲ್ಕು ವರ್ಷ ಹೀಗೆ ಕೆಲಸ ಮಾಡಿದ್ದೇವೆ. ಎರಡನೆಯ ವರ್ಷ ಮೇಲಿನ ದರ್ಜೆಗೆ ಏರಿದೆವು, ಅಲ್ಲೇ ಉಳಿದಿದ್ದೇವೆ. ದೊಡ್ಡ ಕಪ್ ಯಾವುದೂ ಬಂದಿಲ್ಲ.

ಕಳೆದ ತಿಂಗಳು ಅವನಿಗೆ ಬೇರೊಂದು ಕ್ಲಬ್ಬಿನಿಂದ ಮುಖ್ಯ ಕೋಚ್ ಆಗಲು ಕರೆ ಬಂತು. ಅಭ್ಯಾಸ ಮುಗಿಸಿ ನನ್ನ ಕೋಣೆಗೆ ಬಂದು ಏನು ಮಾಡಲಿ ಎಂದ. ಹೋಗು ಎಂದೆ. ಆಮೇಲೆ, ಎಷ್ಟೋ ವರ್ಷದ ಹಿಂದೆ ಫೋನಿನಲ್ಲಿ ಕೇಳಿಸಿಕೊಂಡ ಪ್ರಶ್ನೆಯನ್ನೇ ಕೇಳಿದೆ: ನಿನ್ನ ಪಕ್ಕಕ್ಕೆ ಯಾರು? ಅವನು ಯೋಚಿಸಿರಲಿಲ್ಲ. ಒಂದು ಹಾಳೆ ಕೊಟ್ಟು ಬರೆ ಎಂದೆ. ಮೂರು ಹೆಸರು ಬರೆದ. ಮೂವರನ್ನೂ ನಾನು ಬಲ್ಲೆ. ಮೊದಲ ಇಬ್ಬರು ಅವನ ಜೀವದ ಗೆಳೆಯರು, ಅವನ ಮಾತು ಮೀರಿದವರಲ್ಲ. ಮೂರನೆಯವನು ಹಿಂದೊಮ್ಮೆ ಅವನೊಡನೆ ಅಭ್ಯಾಸದ ಮೈದಾನದಲ್ಲೇ ಜಗಳಕ್ಕೆ ನಿಂತು, ಮೂರು ದಿನ ಮಾತು ಬಿಟ್ಟಿದ್ದವನು. ಮೊದಲ ಎರಡು ಹೆಸರು ಹೊಡೆದುಹಾಕಿ ಹಾಳೆಯನ್ನು ಅವನ ಕಡೆ ಸರಿಸಿದೆ. ಅವನು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತಿದ್ದ. ಆಮೇಲೆ ಅಲ್ಲೇ, ನನ್ನ ಮುಂದೆಯೇ, ಫೋನ್ ತೆಗೆದು ಮೂರನೆಯವನಿಗೆ ಕರೆ ಮಾಡಿದ.